ಹೆಬ್ಬಲಸಿನ ಹಲಗೆ

...ಕೂತ್ಕೊ ನೀಲಾ, ಬಾಗಿಲಲ್ಲಿ ನಿಂತು ಮಾತಾಡಿದ್ರೆ... ಅಲ್ಲ, ಮಾತಾಡ್ತಾ ಇರೋದು ನಾನೊಬ್ಬನೇ. ಆತು, ಹಲಗೆ ಅಲ್ಲೇ ಇಡು. ಮುಳುಗಿದ ನಿಮ್ಮ ದೋಣಿಯದೇ, ಗುರುತು ಸಿಕ್ತು. ಆಮೇಲೆ ನೋಡ್ತೇನೆ.

ಹೆಬ್ಬಲಸು ಇದು. ಸಾಗುವಾನಿ ದೊಡ್ಡೋರ ಮನೆ ಬಾಗಿಲಿಗೆ ಸರಿ, ದೋಣಿಗೆ ಇದೇ ಆಗ್ಬೇಕು. ಮೊಳೆ ಹೊಡೆದ್ರೆ ಸೀಳುವುದಿಲ್ಲ, ಉಪ್ಪುನೀರಿಗೆ ಹೆದರುವುದಿಲ್ಲ, ಬೆಂಕಿ ತೋರಿಸಿದ್ರೆ ಹೇಳಿದ ಹಾಗೆ ಬಾಗ್ತದೆ. ಮದುವೆಯಾದ ಹೊಸತರಲ್ಲಿ ನಿನ್ನ ಗಂಡ ದೇವಪ್ಪ ಬಾಗ್ತಿದ್ನಲ್ಲ, ಹಾಗೆ... ನಗಲಿಲ್ಲ ನೀನು. ಮೊದಲೆಲ್ಲ ನಗ್ತಿದ್ದೆ.

ಹೇಗಿದ್ದಾನೆ ಅವ? ಇನ್ನೂ ನೀರಿಗೆ ಇಳಿಯುವುದಿಲ್ವಾ? ಹನುಮಕ್ಕ ದಿನಾ ನಿಮ್ಮ ಮನೆ ಮುಂದೆ ಬಂದು ಬೈತಾಳೆ ಅಂತ ಕೇಳಿದೆ. ಅವಳ ಒಬ್ಬನೇ ಮಗ ವಿನೋದ, ನಿಮ್ಮ ದೋಣಿಯ ಜೊತೆಗೇ ಮುಳುಗಿ ಹೋದ. ಎಂತ ಮಾಡೂದು. ಹೊಳೆ ಸಮುದ್ರ ಸೇರೂ ಅಳಿವೆಯಲ್ಲಿ ದೇವಪ್ಪನೇ ದೋಣಿಯನ್ನ ಬಂಡೆಗೆ ಹೊಡೆಸಿದ ಅಂತ ಇಡೀ ಮಾವಿನಕುರ್ವೆ ಊರೇ ಹೇಳ್ತದೆ.

ಎಂತಕ್ಕೆ ಹಾಗೆ ನೋಡ್ತೀ? ಹೌದು, ಮೊದಲು ಹೇಳಿದವ ನಾನೇ. ಕೇಳಿದ್ರು, ಹೇಳಿದೆ. ಈ ದಿನಕರ ಆಚಾರಿ ಕೂಡಿಸಿದ ಹಲಗೆ ತಾನಾಗಿ ಬಿಡುವುದಿಲ್ಲ, ಬಂಡೆಯೇ ಇರಬೇಕು ಅಂದೆ. ಇರಬೇಕು ಅಂದೆ ಮಾರಾಯ್ತಿ, ನೋಡಿದೆ ಅನ್ನಲಿಲ್ಲ.

ತಿರುಗಿಸಬೇಡ ಅದನ್ನ.

...ಆತು, ತಿರುಗಿಸಿಯೇ ಬಿಟ್ಟೆ. ಹೌದು, ತೂತು. ಮರ ಕೊರೆಯುವ ಹುಳದ್ದು. ಅದು ಒಳಗಿನ ಗಟ್ಟಿ ಕೆಂಪು ಚೇಗಿಗೆ ಬಾಯಿ ಹಾಕುವುದಿಲ್ಲ, ಅಂಚಿನ ಮೆತ್ತಗಿನ ಬಿಳಿ ಭಾಗ ಸಿಕ್ಕಿದ್ರೆ ಒಂದು ಮಳೆಗಾಲ ಸಾಕು. ಬಿಳಿ ಇಲ್ಲದ ಮರ ಯಾವುದದೆ ಹೇಳು? ಕೆತ್ತಿ ತೆಗೀಬೇಕು. ತೆಗೀತೇವೆ. ಇದರಲ್ಲಿ ತೆಗೆದಿದ್ರೆ ನಾಲ್ಕು ಬೆರಳು ಅಗಲ ಕಮ್ಮಿ ಬೀಳ್ತಿತ್ತು. ಬೇರೆ ಹಲಗೆ ಇರಲಿಲ್ಲ, ದೋಣಿ ಇಳಿಸೂ ದಿನ ನೀವು ಗೊತ್ತು ಮಾಡಿ ಆಗಿತ್ತು...

ಇಲ್ಲ, ನಿಮ್ಮ ಮೇಲೆ ಹಾಕ್ತಾ ಇಲ್ಲ.

ನನ್ನಪ್ಪ ದೋಣಿಯವರನ್ನ ಕರೆಸಿ, ಒಂದೊಂದು ಹಲಗೆಯನ್ನೂ ಮುಟ್ಟಿಸಿ ತೋರಿಸಿದ ಮೇಲೆಯೇ ಕಪ್ಪು ಗೇರೆಣ್ಣೆ ಹಚ್ಚುತ್ತಿದ್ದ. ಎಣ್ಣೆ ಬಿದ್ದ ಮೇಲೆ ಕೆಂಪೂ ಕಪ್ಪು, ಬಿಳಿಯೂ ಕಪ್ಪು. ನಾನೂ ಕರೆಸಿದ್ದೆ. ಬೇಕಾದ್ರೆ ದೇವಪ್ಪನನ್ನ ಕೇಳು. ಬಂದ, ಒಂದೊಂದನ್ನೂ ಮುಟ್ಟಿದ, ಕೈ...

ಎಂತ, ಹೇಳಿದ್ನಾ ನಿನ್ನ ಹತ್ರ?

ಏನಾದ್ರೂ ಅನ್ನು ನೀಲಾ. ಬೈಯೂದಾದ್ರೆ ಬೈ.

...ಕೈ ಎಣ್ಣೆಯಾಗಿ ಕಪ್ಪಾಗಿತ್ತು. ಅವ ಲುಂಗಿಗೆ ಒರೆಸಿಕೊಂಡು, ಚೆನ್ನಾಗಿದೆ ಆಚಾರಿ ಅಂದ. ನಾನು ನಕ್ಕೆ.