ಓದದೆ ಬಿಟ್ಟ ಸಾಲು

ಈ ಸಭೆಯ ಅಧ್ಯಕ್ಷರೂ ಮೋಟಾರು ಚಾಲಕರ ಸಂಘದ ಹಿರಿಯರೂ ಆದ ನರಸಣ್ಣನವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಇಪ್ಪತ್ತು ವರ್ಷ ಅಪಘಾತವಿಲ್ಲದೆ ಬಸ್ಸು ನಡೆಸಿ ಇಂದು ಶಾಲು ಹೊದ್ದು ಕುಳಿತಿರುವ ಮೌಲಾಲಿಯವರೇ, ಕುರ್ಚಿಯಿದ್ದರೂ ಅಭ್ಯಾಸಬಲದಿಂದ ಬಾಗಿಲಲ್ಲೇ ನಿಂತಿರುವ ಕಂಡಕ್ಟರುಗಳೇ, ಸಭಿಕರೇ,

ಇಂದು ಬೆಳಿಗ್ಗೆ ಹೂವು ತರಲು ಬಸ್ ಸ್ಟ್ಯಾಂಡಿನ ಮುಂದೆ ಹಾದು ಹೋದೆ. ನಾಗಲದಿನ್ನೆಯ ಬಸ್ಸು ಹೊರಡುವುದರಲ್ಲಿತ್ತು. ಒಳಗೆ ಜನ ನಿಂತಿದ್ದರು. ಆದರೆ ಚಾಲಕರ ಹಿಂದಿನ ಕಿಟಕಿಯ ಸೀಟು ಖಾಲಿ. ಅದರ ಮೇಲೆ ನಾಲ್ಕು ಮಡಿಕೆಯ ಕೆಂಪು ಚೌಕಡಿ ಟವೆಲು. ಯಾರೋ ಅದನ್ನು ಸರಿಸಲು ಹೋದರು. ಮೌಲಾಲಿಯವರು ತಿರುಗಿ ನೋಡದೆಯೇ ಹೇಳಿದರು: “ಅಲ್ಲಿ ಮಂದಿ ಅದಾರ್ರಿ.”

ಆ ಮಂದಿ ನಾನು. ಮೂರು ವಾರದಿಂದ ನಾನು ಆ ಬಸ್ಸು ಹತ್ತಿಲ್ಲ.

ನರಸಣ್ಣನವರು ನನ್ನನ್ನು ಕರೆದದ್ದು ಅಚ್ಚುಕಟ್ಟಾದ ಕನ್ನಡದಲ್ಲಿ ಹತ್ತು ನಿಮಿಷ ಹೊಗಳಲಿ ಎಂದು. ನಾಲ್ಕು ಪುಟ ಬರೆದುಕೊಂಡೂ ಬಂದಿದ್ದೇನೆ. ಅದರಲ್ಲಿ ಕರ್ತವ್ಯನಿಷ್ಠೆ ಎಂಬ ಮಾತು ಆರು ಸಲ ಬಂದಿದೆ. ಆ ಪುಟಗಳನ್ನು ಈಗ ಮಡಚಿಡುತ್ತೇನೆ. ನಮ್ಮ ತಂದೆ ಗುರುರಾಜಾಚಾರ್ಯರು ಮೂರನೆಯ ಸಾಲಿನಲ್ಲಿದ್ದಾರೆ. ಅವರ ಮುಖ ಕಂಡರೆ ನನಗೆ ಮಾತು ನಿಂತುಹೋಗುತ್ತದೆ. ಆದ್ದರಿಂದ ಎದುರಿನ ಗಡಿಯಾರವನ್ನು ನೋಡುತ್ತ ಮಾತನಾಡುತ್ತೇನೆ. ತಾವು ಮನ್ನಿಸಬೇಕು.

ಬಿ.ಎ. ಮುಗಿಸಿ ನಾಗಲದಿನ್ನೆಯ ಶಾಲೆಗೆ ಉಪಾಧ್ಯಾಯಿನಿಯಾಗಿ ಸೇರಿದೆ. ಅಲ್ಲಿ ನನ್ನ ಸೋದರತ್ತೆ ಮಥುರಾಬಾಯಿಯವರ ಮನೆಯಿದೆ. ಸೋಮವಾರ ಹೋಗುವುದು, ಶನಿವಾರ ಮಧ್ಯಾಹ್ನ ನಮ್ಮ ಆದೋನಿಗೆ ಮರಳುವುದು. ಮೊದಲ ದಿನವೇ ಮೌಲಾಲಿಯವರು ಕೇಳಿದರು: “ಅಕ್ಕೋರ, ತೆಲುಗು ಓದಾಕ ಬರತೈತೇನ್ರಿ?” ಬರುತ್ತದೆ ಎಂದೆ. “ಹಂಗಾರ ಇಲ್ಲೇ ಕುಂದ್ರಿ” ಎಂದು ಹಿಂದಿನ ಸೀಟು ತೋರಿಸಿದರು. ಇದೇನು, ಬಸ್ಸಿನಲ್ಲೂ ಪರೀಕ್ಷೆಯೇ ಎಂದುಕೊಂಡೆ.

ಕಾರಣ ತಿಳಿದದ್ದು ಪೊಲೀಸ್ ಚೌಕಿಯಲ್ಲಿ. ತಮಗೆ ಗೊತ್ತೇ ಇದೆ: ಹೊಳೆಯ ಆಚೆ ಹೈದರಾಬಾದು ರಾಜ್ಯ, ಈಚೆ ಪಾನನಿಷೇಧ. ಹರಿಗೋಲಿನಲ್ಲಿ ದಾಟಿ ಬಂದವರು ನಮ್ಮ ಬಸ್ಸನ್ನೇ ಹತ್ತುತ್ತಾರೆ. ಆದ್ದರಿಂದ ದಾರಿಗೆ ಬಿದಿರು ಅಡ್ಡ ಹಾಕಿ ಪೊಲೀಸರು ಶೋಧಿಸುತ್ತಾರೆ. ಶೋಧಿಸುವುದು ಅವರ ಕೆಲಸ. ಮೌಲಾಲಿಯವರು ಎಂದಾದರೂ ಬೇಡವೆಂದರೇ? ಇಲ್ಲ. ಎಂಜಿನ್ ನಿಲ್ಲಿಸಿ, ಟೋಪಿ ಸರಿಪಡಿಸಿಕೊಂಡು, ಸೀಟಿನ ಹಲಗೆಯನ್ನು ತಾವೇ ಎತ್ತಿ ತೋರಿಸಿ, ಸಾಮಾನಿನ ಪೆಟ್ಟಿಗೆಯನ್ನು ತೆರೆದಿಟ್ಟು ಹೇಳುತ್ತಿದ್ದರು:

“ನೋಡ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಊರಾಗಿನ ಇಬ್ರು ದೊಡ್ಡ ಮನುಷ್ಯಾರ್ನ ಕರೀರಿ, ಅವ್ರ ಕಣ್ಮುಂದ ನೋಡ್ರಿ. ಸಿಕ್ಕಿದ್ದು ಬರೀರಿ, ಸಿಕ್ಕ ಜಾಗಾನೂ ಬರೀರಿ. ನನಗೊಂದು ನಕಲು ಕೊಡ್ರಿ.”

ಈ ನಾಲ್ಕು ಮಾತನ್ನು ಅವರಿಗೆ ಕಲಿಸಿದ್ದು ಹಿಂದೆ ಅದೇ ಸೀಟಿನಲ್ಲಿ ಕೂರುತ್ತಿದ್ದ ಒಬ್ಬ ವಕೀಲರ ಗುಮಾಸ್ತರಂತೆ. ಅಕ್ಷರ ಬಾರದ ಮನುಷ್ಯ ಕಾನೂನನ್ನು ಕಿವಿಯಿಂದಲೇ ಕಲಿತರು. ಒಮ್ಮೆ ಚೌಕಿಯ ಜಮಾದಾರರು, “ಏನಪ್ಪಾ, ಲಾ ಓದೀಯೇನು?” ಎಂದು ಹಂಗಿಸಿದಾಗ ಅವರು ಹೇಳಿದರು: “ಓದಾಕ ಬರಂಗಿಲ್ಲ ಅಂತನ ರೀ, ಅಕ್ಕೋರ್ನ ಬೆನ್ನ ಹಿಂದ ಕುಂದ್ರಿಸೇನಿ.” ಅವರನ್ನು ನೋಡಿ ಪ್ರಯಾಣಿಕರೂ ಕಲಿತರು. ವಾರವಾರ ನಮ್ಮ ಬಸ್ಸಿನಲ್ಲೇ ಬರುವ ಉರುಕುಂದಮ್ಮನ ಸೀರೆಗಂಟಿಗೆ ಕಾನ್‌ಸ್ಟೇಬಲ್ ಕೈ ಹಾಕಿದಾಗ ಆಕೆ, “ಇದನ್ನ ಬಿಚ್ಚಬೇಕಂದ್ರ ನಿನ್ನ ಹೇಂತಿನ ಕರ್ಕೊಂಡು ಬಾ ಯಪ್ಪಾ, ನಾ ಇಲ್ಲೇ ಕುಂತಿರತೇನಿ” ಎಂದಳು. ಇಡೀ ಬಸ್ಸು ನಕ್ಕಿತು. ಕಾನ್‌ಸ್ಟೇಬಲ್ಲರೂ ನಕ್ಕು ಕೈ ತೆಗೆದರು.

ಪೊಲೀಸರು ಸಿಕ್ಕಿದ್ದರ ಪಟ್ಟಿ ಬರೆದಾದ ಮೇಲೆ ನನ್ನ ಕೆಲಸ. ತೆಲುಗಿನಲ್ಲಿದ್ದುದನ್ನು ನಾನು ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು. ಅವರು ಕೇಳಿ, ತಲೆಯಾಡಿಸಿ, ಹೆಬ್ಬೆಟ್ಟು ಒತ್ತಬೇಕು. ಮನೆಯಲ್ಲಿ ನೀರು ಬೇಕೆಂದು ಕೇಳಲೂ ನಾಚುವ ನಾನು ಆ ಬಿಸಿಲಲ್ಲಿ ನಲವತ್ತು ಜನರ ಮುಂದೆ ಓದುತ್ತಿದ್ದೆ. ಸಭಿಕರೇ, ನನ್ನ ಮೊದಲ ಭಾಷಣಗಳು ಅವೇ. ಎರಡು ಮೂಟೆ ಈರುಳ್ಳಿ, ಒಂದು ತಗಡಿನ ಪೆಟ್ಟಿಗೆ, ಒಂದು ಜೊತೆ ಹಳೆಯ ಚಪ್ಪಲಿ.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಆ ಟವೆಲನ್ನು ನೋಡಿದ ಮೇಲೆ ನಿಲ್ಲಿಸುವುದು ಹೇಗೆ?

ನಾಲ್ಕು ವಾರದ ಹಿಂದಿನ ಶನಿವಾರ ಶೋಧಕ್ಕೆ ಬಂದವರು ಹೊಸ ಜಮಾದಾರರು. ಸಾಕ್ಷಿಗೆಂದು ಕರೆದ ಇಬ್ಬರು ಟೀ ಅಂಗಡಿಯ ಬೆಂಚಿನಿಂದ ಏಳಲೇ ಇಲ್ಲ. ಬಸ್ಸಿನ ಟಾಪಿನ ಮೇಲೆ, ಈರುಳ್ಳಿ ಮೂಟೆಗಳ ನಡುವೆ, ಒಂದು ಗೋಣಿಚೀಲ ಸಿಕ್ಕಿತು. ಅದನ್ನು ಕೆಳಗಿಳಿಸಿದ್ದನ್ನು ನಾವೆಲ್ಲ ಕಂಡೆವು. ಚೀಲ ಯಾರದೆಂದು ಕೇಳಿದರೆ ಯಾರೂ ತಮ್ಮದೆನ್ನಲಿಲ್ಲ. ಜಮಾದಾರರು ಪಟ್ಟಿ ಬರೆದು ನನ್ನ ಕೈಗೆ ಕೊಟ್ಟರು.

ಅಂದು ಏಕಾದಶಿ. ನನಗೆ ನಿರ್ಜಲ ಉಪವಾಸ. ನಮ್ಮ ಮನೆಯಲ್ಲಿ ಆ ಚೀಲದಲ್ಲಿದ್ದ ಪದಾರ್ಥದ ಹೆಸರನ್ನು ಯಾವ ದಿನವೂ ಬಾಯಲ್ಲಿ ಆಡುವುದಿಲ್ಲ. ಏಕಾದಶಿಯಂದು ಕೇಳಿದರೂ ಅಜ್ಜಿ ಬಾಯಿ ಮುಕ್ಕಳಿಸುತ್ತಿದ್ದರು. ನಾನು ಓದುತ್ತ ಹೋದೆ. ಐದನೆಯ ಸಾಲಿಗೆ ಬಂದಾಗ ಆ ಹೆಸರು ಕಂಡಿತು. ಗಂಡಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಸಾಲನ್ನು ಬಿಟ್ಟು ಆರನೆಯದನ್ನು ಓದಿದೆ. ಚೀಲವನ್ನು ಎಲ್ಲರೂ ಕಂಡಿದ್ದಾರಲ್ಲ, ಅದನ್ನು ಓದುವುದೇಕೆ ಎಂದು ನನಗೆ ನಾನೇ ಹೇಳಿಕೊಂಡೆ. ಮೌಲಾಲಿಯವರು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದರು.

ಆ ಸಾಲನ್ನು ನಾನು ನೋಡಲಿಲ್ಲವೇ? ಇಷ್ಟು ದಿನ ಹಾಗೆಂದೇ ನಂಬಲು ನೋಡಿದೆ. ಇಲ್ಲ, ಕಣ್ಣು ಪೂರ್ತಿ ಓದಿತ್ತು. ಬಾಯಿ ಓದಲಿಲ್ಲ, ಅಷ್ಟೆ. ಅಂದು ಬಿಟ್ಟದ್ದನ್ನು ಇಂದು ಓದುತ್ತೇನೆ: “ಆರು ಸೀಸೆ ಸಾರಾಯಿ, ಚಾಲಕನ ಸೀಟಿನ ಕೆಳಗೆ ಸಿಕ್ಕಿದ್ದು.”

ಟಾಪಿನ ಮೇಲೆ ಸಿಕ್ಕಿದ್ದು ಕಾಗದದಲ್ಲಿ ಚಾಲಕನ ಸೀಟಿನ ಕೆಳಗೆ ಬಂದಿತ್ತು. ಓದಿ ಹೇಳಲಾಗಿದೆ, ಒಪ್ಪಿದ್ದಾನೆ ಎಂದು ಅದರ ಕೆಳಗೆ ಇವರ ಹೆಬ್ಬೆಟ್ಟು. ನಾಳೆ ಇಲ್ಲಿಯ ಕೋರ್ಟಿನಲ್ಲಿ ವಿಚಾರಣೆ. ಸೋತರೆ ಶಿಕ್ಷೆಯಾಗುತ್ತದೆ, ಲೈಸೆನ್ಸು ಹೋಗುತ್ತದೆ. ಚೀಲ ಟಾಪಿನಿಂದ ಇಳಿದದ್ದನ್ನು ಹೇಳಲು ಅಂದು ಬಸ್ಸಿನಲ್ಲಿದ್ದ ಉರುಕುಂದಮ್ಮ ಇದ್ದಾಳೆ. ಆದರೆ ಆ ಸಾಲನ್ನು ಇವರಿಗೆ ಯಾರೂ ಓದಿ ಹೇಳಲಿಲ್ಲ ಎಂದು ಹೇಳಬಲ್ಲವರು ಒಬ್ಬರೇ, ಅದು ನಾನು.

ಹಾಗೆಂದು ಸಾಕ್ಷಿ ಹೇಳಬೇಕೆಂದು ಕೇಳಲು ಮೌಲಾಲಿಯವರು ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಟೋಪಿಯನ್ನು ಕೈಯಲ್ಲಿ ಹಿಡಿದು ಕಟ್ಟೆಯ ಹತ್ತಿರ ನಿಂತರು. ನಾನು ಕದದ ಹಿಂದಿದ್ದೆ. ತಂದೆಯವರು ನೊಂದುಕೊಂಡೇ ಹೇಳಿದರು: “ನಮ್ಮ ಮನ್ಯಾಗ ಗಂಡಸರು ಸೈತ ಕೋರ್ಟಿನ ಮೆಟ್ಟಲಾ ಹತ್ತಿಲ್ಲಪ್ಪಾ. ಮದುವಿ ಆಗಬೇಕಾದ ಹುಡುಗಿ.” ಅವರದೇನು ತಪ್ಪು? ತಾಲೂಕು ಕಚೇರಿಯಲ್ಲಿ ಮೇಲಿನವರ ಎದುರು ದನಿ ಎತ್ತದೆ ದುಡಿದು ನನ್ನನ್ನು ಬಿ.ಎ. ವರೆಗೆ ಓದಿಸಿದವರು ಅವರು. ಶಾಲೆಗೆ ರಜೆ ಬರೆಸಿದ್ದೂ ನನ್ನ ಮೇಲಿನ ಪ್ರೀತಿಯಿಂದಲೇ.

ಮೌಲಾಲಿಯವರು ಟೋಪಿ ಹಾಕಿಕೊಂಡರು. ಹೊರಡುವಾಗ ಹೇಳಿದರು: “ಆತು ಬಿಡ್ರಿ. ಅಕ್ಕೋರು ಸರಿಯಾಗೇ ಓದಿದ್ರು. ನನ್ನ ಲಕ್ಷ್ಯನ ಬ್ಯಾರೆ ಕಡೆ ಇತ್ತು ಅಂತ ಹೇಳತೇನಿ.”

ನಾನು ಓದಲಿಲ್ಲವೆಂದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಅವರ ವಕೀಲರು ನಕಲನ್ನು ಓದಿ ಹೇಳಿದ್ದರು. ಪಟ್ಟಿಯನ್ನು ಸರಿಯಾಗಿ ಬರೆಯಿರಿ ಎಂದು ಇಷ್ಟು ವರ್ಷ ಪೊಲೀಸರೊಡನೆ ನಯವಾಗಿ ಹಟ ಹಿಡಿದ ಮನುಷ್ಯ, ನನ್ನ ಮರ್ಯಾದೆಗಾಗಿ ತಪ್ಪು ಪಟ್ಟಿಯನ್ನು ಒಪ್ಪಿಕೊಳ್ಳಲು ಹೊರಟಿದ್ದಾರೆ. ಹಾಗಿದ್ದೂ ಸೀಟಿನ ಮೇಲೆ ಟವೆಲು ಹಾಕುತ್ತಾರೆ. ಈ ಮನುಷ್ಯನಿಗೆ ಶಾಲು ಹೊದಿಸಿದರೆ ಸಾಕೇ?

ಮೌಲಾಲಿಯವರೇ, ತಲೆ ಎತ್ತಿ. ನಾಳೆ ಬಸ್ಸನ್ನು ಬೇರೆಯವರು ನಡೆಸುತ್ತಾರೆಂದು ಕೇಳಿದೆ. ಟವೆಲನ್ನು ಸೀಟಿನ ಮೇಲೆ ಇಟ್ಟು ಬರಬೇಡಿ, ಹೆಗಲ ಮೇಲೆ ಹಾಕಿಕೊಂಡು ಬನ್ನಿ. ಆ ಸೀಟಿನ ಮಂದಿ ಹತ್ತೂವರೆಗೆ ಕೋರ್ಟಿನ ಮೆಟ್ಟಿಲ ಹತ್ತಿರ ಇರುತ್ತಾರೆ. ಎಷ್ಟು ಸಲ ಕೇಳಿದರೂ ಐದನೆಯ ಸಾಲನ್ನು ಗಟ್ಟಿಯಾಗಿ ಓದುತ್ತಾರೆ.

ಈಗ ಗಡಿಯಾರ ಬಿಟ್ಟು ಮೂರನೆಯ ಸಾಲಿನ ಕಡೆ ನೋಡುತ್ತಿದ್ದೇನೆ. ಅಪ್ಪಾ, ತಾವೂ ಜೊತೆಗೆ ಬಂದರೆ ನನಗೆ ಧೈರ್ಯ. ಬಾರದಿದ್ದರೂ ನಾನು ಹೋಗುತ್ತೇನೆ.

ಹತ್ತು ನಿಮಿಷ ಕೊಟ್ಟ ಅಧ್ಯಕ್ಷರಿಗೆ, ಹದಿನೈದು ನಿಮಿಷ ಸಹಿಸಿದ ತಮಗೆ, ಓದಲು ಒಂದು ಸೀಟು ಕಾದಿರಿಸಿದವರಿಗೆ ನನ್ನ ವಂದನೆಗಳು. ನಮಸ್ಕಾರ.