ಊದ್ ಸೆಂಟಿನವನ ಮೂಗು

ಶೀತ ಹತ್ತಿ ಯಾವ ವಾಸನೆಯೂ ತಿಳಿಯದಂತಾಗಿದ್ದ ದರ್ಜಿ, ಮೂಗಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತ ಕೂತಿದ್ದ. ಬೆಂಚಿನ ಮೇಲೆ ಅವನನ್ನು ಬಿಟ್ಟರೆ ಗಂಡ ಹೆಂಡತಿ ಇಬ್ಬರೇ. ಮಿಕ್ಕ ಜನರೆಲ್ಲ ಯಾಕೋ ಕಿಟಕಿಗೆ ಅಂಟಿಕೊಂಡು ನಿಂತಿದ್ದರು.

"ನಿಮ್ಮ ಮೂಗಿಗೆ ಏನೂ ಆಗಿಲ್ಲ ರೀ. ದಿನಾ ಮೆತ್ಕೊಂಡು ಅಭ್ಯಾಸ ಆಗಿದೆ, ಅಷ್ಟೇ."

"ಸುಮ್ನಿರೇ. ಮೊದಮೊದಲು ಆ ಊದ್ ಸೆಂಟು ಹಾಕ್ಕೊಂಡ್ರೆ ಲವಂಗ, ಮೆಣಸು ಘಮ್ ಅನ್ನೋದು. ಆಮೇಲೆ ಹಳೇ ಮರದ ಪೆಟ್ಟಿಗೆ ತೆಗೆದ ಹಾಗೆ. ಅರಮನೇಲಿ ಹುಟ್ಟಿದವನ ಹಾಗೆ ನಡೀತಿದ್ದೆ. ಈಗ ಮೂಸಿದ್ರೆ ಬರೀ ನಾನೇ."

"ಬೆಕ್ಕು ಮನೆ ಬಿಟ್ಟು ಹೋಯ್ತು."

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಬೆಕ್ಕಿಗೂ ಅಷ್ಟೇ."

"ನಿನ್ನೆ ಫೋನಲ್ಲಿ ನೀವು ಹಲೋ ಅಂದಿದ್ದಕ್ಕೇ ನಮ್ಮಮ್ಮ ಸೀನಿದ್ರು!"

"ನಿಮ್ಮಮ್ಮಂಗೆ ನನ್ನ ದನಿ ಕೇಳಿದ್ರೇ ಅಲರ್ಜಿ." ಗಂಡ ದರ್ಜಿಯ ಕಡೆ ಜರುಗಿದ. "ಅಣ್ಣಾ, ನೀವೇ ಹೇಳಿ. ನನ್ನ ಮೇಲೆ ಏನಾದ್ರೂ ಘಮ ಬರ್ತಿದೆಯಾ?"

ದರ್ಜಿ ಬಗ್ಗಿ, ಅವನ ಕಾಲರನ್ನು ಶ್ರದ್ಧೆಯಿಂದ ಮೂಸಿದ. "ಸುಳ್ಳು ಯಾಕೆ ಹೇಳ್ಲಿ ತಮ್ಮಾ, ಚೂರೂ ಇಲ್ಲ."

"ಕೇಳಿದ್ಯೇನೇ!"

ಗಂಡ ಜೇಬಿನಿಂದ ಶೀಸೆ ತೆಗೆದವನೇ ಕತ್ತಿಗೆ, ಕಂಕುಳಿಗೆ, ಹೆಂಡತಿ ಬೇಡ ಬೇಡ ಅನ್ನುತ್ತಿದ್ದರೂ ತಲೆಗೂ ಪುಸುಪುಸು ಹೊಡೆದುಕೊಂಡ. ಅಷ್ಟರಲ್ಲಿ ಅವರ ಸರದಿ ಬಂತು. ಇಬ್ಬರೂ ಒಳಗೆ ಹೋದರು.

ಬಾಗಿಲು ಮುಚ್ಚಿದ್ದೇ ತಡ, ಮತ್ತೆ ತೆರೆಯಿತು. ಡಾಕ್ಟರೇ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, "ಒಂಚೂರು ಜರುಗ್ರಪ್ಪಾ" ಎನ್ನುತ್ತ ಕಿಟಕಿಯ ಹತ್ತಿರ ಜಾಗ ಮಾಡಿಕೊಂಡು ನಿಂತರು.