ಒಂದು ಗೆರೆ ಕೊಸರು

ಮಾನ್ಯ ಅಧ್ಯಕ್ಷರೇ, ಮೈಸೂರಿನಿಂದ ಬಂದಿರುವ ಸಂಶೋಧಕರಾದ ಶಾಂತರಾಜು ಅವರೇ, ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಊರೂರಲ್ಲಿ ಮಳೆ ಅಳೆಯುವ ಸ್ವಯಂಸೇವಕರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಹಾಗೂ ಸಿಗದ ಸಭಿಕರೇ,

ಇಂದು ಸನ್ಮಾನ ಸ್ವೀಕರಿಸಲಿರುವ ಹರವೆಯ ಚಿಕ್ಕನಿಂಗಮ್ಮನವರನ್ನು ಪರಿಚಯಿಸಲು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೇಷ್ಟ್ರ ಕೈಗೆ ಮೈಕು ಕೊಟ್ಟು ಐದು ನಿಮಿಷ ಎಂದವರ ಧೈರ್ಯವನ್ನು ಮೊದಲು ಮೆಚ್ಚಬೇಕು.

ಎಂಬತ್ತೊಂಬತ್ತರಲ್ಲಿ ಶಾಂತರಾಜು ಅವರು ನಮ್ಮ ಶಾಲೆಯ ಅಂಗಳದಲ್ಲಿ ಮಳೆಮಾಪಕ ನೆಟ್ಟರು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು, ಎಷ್ಟು ಗೆರೆ ಬಂತೆಂದು ಬರೆಯಬೇಕು. ಹೆಡ್‌ಮಾಸ್ಟರಾದ ನಾನು ಎದೆತಟ್ಟಿ ಒಪ್ಪಿಕೊಂಡೆ. ಆದರೆ ನನ್ನ ಮನೆ ಇದೇ ಚಾಮರಾಜನಗರದಲ್ಲಿ. ನಾನು ಹರವೆಯಲ್ಲಿ ಬಸ್ಸಿಳಿಯುವುದೇ ಹತ್ತಕ್ಕೆ. ಹಾಗಾದರೆ ಅಳೆದವರು ಯಾರು? ಶಾಲೆಯ ಪಕ್ಕದ ಮನೆಯಲ್ಲಿ ಹಾಲು ಮಾರುವ ಚಿಕ್ಕನಿಂಗಮ್ಮನವರು. ನೀರು ಅಳೆದು, ಗೋಡೆಯ ಮೇಲೆ ಇದ್ದಿಲಿನಲ್ಲಿ ಅಷ್ಟು ಗೆರೆ ಎಳೆದು ಹೋಗುತ್ತಿದ್ದರು. ನಾನು ಬಂದು ಎಣಿಸಿ, ಪುಸ್ತಕದಲ್ಲಿ ಬರೆದು, ‘ಅಳೆದವರು’ ಎಂಬಲ್ಲಿ ನನ್ನ ಸಹಿ ಹಾಕುತ್ತಿದ್ದೆ. ಒಂಬತ್ತು ವರ್ಷ ಹಾಕಿದೆ.

ಈ ವರ್ಷ ಫೆಬ್ರವರಿಯಲ್ಲಿ ಶಾಂತರಾಜು ಅವರಿಂದ ಒಂದು ಪತ್ರ ಬಂತು. ನಿಮ್ಮ ಪುಸ್ತಕದಲ್ಲಿ ಸೊನ್ನೆ ಇದೆ, ಎರಡಿದೆ, ಮೂರಿದೆ. ಒಂದು ಗೆರೆ ಎಂಬುದು ಒಂಬತ್ತು ವರ್ಷದಲ್ಲಿ ಎರಡೇ ದಿನ, ಅದೂ ಒಂದೇ ವಾರದಲ್ಲಿ. ಬೇಗೂರಿನ ಮಾಪಕದಲ್ಲಿ ವರ್ಷಕ್ಕೆ ಹತ್ತು ಹದಿನೈದು ಸಲ ಒಂದು ಬೀಳುತ್ತದೆ. ಹರವೆಯಲ್ಲಿ ತುಂತುರೇ ಇಲ್ಲವೇ? ಅಳೆಯುವವರು ನೀವೇ ತಾನೆ? ಉತ್ತರ ಸರಿಯಿಲ್ಲದಿದ್ದರೆ ಹರವೆಯ ಲೆಕ್ಕವನ್ನೆಲ್ಲ ಕೈಬಿಡಬೇಕಾಗುತ್ತದೆ.

ಸಭಿಕರೇ, ನಾನು ಏನೆಂದು ಬರೆದೆ ಗೊತ್ತೇ? ‘ನಾನೇ ಅಳೆಯುತ್ತೇನೆ’ ಎಂದು ಬರೆದೆ. ಮಕ್ಕಳಿಗೆ ಮೂವತ್ತೊಂದು ವರ್ಷ ಸುಳ್ಳು ಹೇಳಬಾರದೆಂದು ಕಲಿಸಿದ ಕೈಯದು.

ಶಾಂತರಾಜು ಅವರು ಸ್ವತಃ ಬಂದರು. ಅಂಗಳದಲ್ಲಿ ನಿಂತು ಮತ್ತೆ ಅದನ್ನೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಬಂದ ಚಿಕ್ಕನಿಂಗಮ್ಮನವರು, “ನಾನೇ ಅಳ್ಯಾದು ಸಾಮಿ. ಮೇಷ್ಟ್ರು ಆ ವೊತ್ನಲ್ಲಿ ಇನ್ನೂ ಬಸ್ನಲ್ಲೇ ಇರ್ತಾರೆ” ಎಂದರು. ನೆಲ ಬಾಯಿಬಿಡಬಾರದೇ ಎನಿಸಿತು.

ಶಾಂತರಾಜು ಅವರು ಗಾಜಿಗೆ ಮೂರು ಗೆರೆ ನೀರು ಹಾಕಿ ಎಷ್ಟೆಂದು ಆಕೆಯನ್ನು ಕೇಳಿದರು. “ನಾಕು” ಎಂದರು. ಏಳು ಗೆರೆ ಹಾಕಿದರು. “ಎಂಟು” ಎಂದರು.

“ಯಾಕಮ್ಮಾ, ಒಂದು ಹೆಚ್ಚು ಹೇಳ್ತೀರಿ?”

“ಕೊಸ್ರು ಬ್ಯಾಡ್ವಾ ಸಾಮಿ? ಪಾವು ಆಲ್ಗೇ ಒಂದು ಬೊಟ್ಟು ಮ್ಯಾಕೆ ಉಯ್ತೀನಿ. ನೀವು ಅಷ್ಟು ದೂರದಿಂದ ಕೇಳ್ತಾ ಇದ್ರೆ, ಬರೀ ಅಳ್ತೆ ಕೊಟ್ಬುಟ್ಟು ಕಳ್ಸನಾ?”

“ಮಳೆ ಬೀಳದ ದಿನ?”

“ಇಲ್ದೇ ಇರದ್ಕೆ ಯಾತರ ಕೊಸ್ರು?”

ಶಾಂತರಾಜು ಅವರು ಹತ್ತು ಸಲ ಅಳೆಸಿದರು. ಹತ್ತು ಸಲವೂ ಒಂದೇ ಗೆರೆ ಜಾಸ್ತಿ. ಅವರ ಮುಖ ಅರಳಿತು. ತಪ್ಪು ಒಂದೇ ಸಮನಾಗಿದ್ದರೆ ಭಯವಿಲ್ಲ ಮೇಷ್ಟ್ರೇ, ಮಳೆ ಬಂದ ದಿನಗಳಲ್ಲಿ ಒಂದೊಂದು ಗೆರೆ ಕಳೆದರೆ ಒಂಬತ್ತು ವರ್ಷವೂ ಉಳಿಯಿತು ಎಂದರು. ಆ ಕ್ಷಣ ನನ್ನ ಎದೆಯ ಮೇಲಿನ ಭಾರ ಇಳಿಯಿತು ಎಂದು ಹೇಳಬೇಕೆಂದಿದ್ದೆ. ಇಳಿಯಲಿಲ್ಲ. ಎಲ್ಲ ದಿನಕ್ಕೂ ಕಳೆಯುವಂತಿರಲಿಲ್ಲವಲ್ಲ.

ತೊಂಬತ್ತನಾಲ್ಕರಲ್ಲಿ ಚಿಕ್ಕನಿಂಗಮ್ಮನವರು ಮಗಳು ಪುಟ್ಟಿಯ ಬಾಣಂತನಕ್ಕೆಂದು ಹನ್ನೊಂದು ದಿನ ಉಡಿಗಾಲಕ್ಕೆ ಹೋಗಿದ್ದರು. ಆ ಹನ್ನೊಂದು ದಿನ ಅಂಗಳದ ಕೆಸರು ನೋಡಿ, ಮೇಜಿನ ಮುಂದೆ ಕೂತು, ಅಂದಾಜಿನಲ್ಲಿ ಬರೆದವನು ನಾನು. ಪತ್ರದಲ್ಲಿದ್ದ ಆ ಎರಡು ‘ಒಂದು’ಗಳು ನನ್ನವು. ಅಲ್ಲೇ, ಆ ಗಾಜಿನ ಮುಂದೆಯೇ ಹೇಳಿಬಿಟ್ಟೆ. ಭಾರ ಇಳಿದದ್ದು ಆಗ. ಎಷ್ಟೋ ವರ್ಷದ ಮೇಲೆ ಅಂದು ಬಸ್ಸಿನಲ್ಲಿ ಕಣ್ತುಂಬ ನಿದ್ದೆ ಮಾಡಿದೆ. ಚಾಮರಾಜನಗರ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಚಿಕ್ಕನಿಂಗಮ್ಮನವರಿಗೆ ಇನ್ನು ಕೊಸರು ಬೇಡ ಎಂದು ಒಪ್ಪಿಸುವುದೇ ಕಷ್ಟವಾಯಿತು. ಈಗ ಇದ್ದಷ್ಟೇ ಹೇಳುತ್ತಾರೆ. ಅಳೆದಾದ ನೀರನ್ನು ದಾಸವಾಳದ ಬುಡಕ್ಕೆ ಸುರಿದು, ತಮ್ಮ ಬಿಂದಿಗೆಯಿಂದ ಒಂದು ಬೊಗಸೆ ಮೇಲಕ್ಕೆ ಹಾಕುತ್ತಾರೆ. ಇವತ್ತೂ ಎಂಟೂವರೆಗೆ ಅದನ್ನು ಮುಗಿಸಿಯೇ ಬಸ್ಸು ಹತ್ತಿದ್ದಾರೆ. ಅಗೋ, ಎರಡನೇ ಸಾಲಿನಲ್ಲಿ ಕೂತು, ನಾನು ಯಾವಾಗ ನಿಲ್ಲಿಸುತ್ತೇನೋ ಎಂದು ನೋಡುತ್ತಿದ್ದಾರೆ.

ಪುಸ್ತಕದ ‘ಅಳೆದವರು’ ಎಂಬಲ್ಲಿ ನನ್ನ ಸಹಿಯನ್ನು ಹೊಡೆದುಹಾಕಿ, ಅವರ ಹೆಸರು ಬರೆದಿದ್ದೇನೆ. ಒಂಬತ್ತು ವರ್ಷದ ಲೆಕ್ಕದಲ್ಲಿ ವಿಜ್ಞಾನಕ್ಕೆ ಬೇಡವೆಂದು ಬಿಟ್ಟದ್ದು ಹನ್ನೊಂದೇ ದಿನ. ಆ ಹನ್ನೊಂದು ದಿನ ಮಾತ್ರ ನನ್ನ ಸಹಿ ಹಾಗೇ ಇದೆ.

ಐದು ನಿಮಿಷದ ಮೇಲೆ ಆಡಿದ್ದನ್ನು ಕೊಸರೆಂದು ಇಟ್ಟುಕೊಳ್ಳಿ. ಕೇಳಿದ್ದಕ್ಕೆ ಕೃತಜ್ಞ. ಚಿಕ್ಕನಿಂಗಮ್ಮನವರೇ, ವೇದಿಕೆಗೆ ಬನ್ನಿ. ನಮಸ್ಕಾರ.